ವಾಚಣ್ಣನ ಜೀಪಿನಿಂದ ನೇರ ಪ್ರಸಾರ

ಆ ಭಾನುವಾರದ ರಾದ್ಧಾಂತಕ್ಕೆಲ್ಲ ಕಾರಣ ಒಂದು ಸ್ಪ್ರಿಂಗು. ಅದೂ ಎಂಥದ್ದು, ಸಾಸಿವೆ ಕಾಳಿಗಿಂತ ಒಂದು ಕೂದಲೆಳೆಯಷ್ಟು ದೊಡ್ಡದು. ಜೀಪಿನ ವೈರ್‌ಲೆಸ್ ಸೆಟ್ಟಿನ ಮೈಕಿನಲ್ಲಿ, ಮಾತಾಡಲು ಒತ್ತುವ ಗುಂಡಿಯ ಕೆಳಗೆ ಕೂತು, ಒತ್ತಿದ ಗುಂಡಿಯನ್ನು ಮತ್ತೆ ಮೇಲಕ್ಕೆ ತಳ್ಳುವುದಷ್ಟೇ ಅದರ ಕೆಲಸ. ಬೆಳಿಗ್ಗೆ ಏಳೂವರೆಗೆ ವಾಚಣ್ಣ ಆ ಮೈಕನ್ನು ಬಿಚ್ಚಿದ್ದೇ ತಡ, ಸ್ಪ್ರಿಂಗು ಟಿಣ್ಣನೆ ಹಾರಿ ಚರಂಡಿಯ ಪಾಲಾಯಿತು.

"ಯಾಕ್ರೀ ಬಿಚ್ಚಿದ್ರಿ, ಕೆಟ್ಟಿತ್ತಾ?" ಅಂಗಳಕ್ಕೆ ಬಂದ ಹೆಂಡತಿ ಕೇಳಿದಳು.

"ಕೆಟ್ಟಿರ್ಲಿಲ್ಲ. ಒಳಗೆ ಹೆಂಗಿದೆ ಅಂತ ನೋಡೋಣ ಅಂತ."

ಅದು ಕಸುಬಿನ ಗುಣ. ಇಪ್ಪತ್ತಾರು ವರ್ಷದಿಂದ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚು ರಿಪೇರಿ ಮಾಡುತ್ತ ಬಂದವನು ಅವನು. ಅವನ ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಸಾಮಾನೆಂದರೆ ಅವನೇ. ತೊಗರಿಬೇಳೆಯಷ್ಟು ಬ್ಯಾಟರಿ ಹಾಕಿ ರೂಢಿಯಿದ್ದ ಈ ಮನುಷ್ಯ ನಾಲ್ಕು ತಿಂಗಳ ಹಿಂದೆ ಒಂದು ಹಳೆಯ ಜೀಪನ್ನು ಮನೆಯ ಮುಂದೆ ತಂದು ನಿಲ್ಲಿಸಿದಾಗ, ಇದು ಯಾರದೋ ಮರೆತು ಬಿಟ್ಟುಹೋದದ್ದಿರಬೇಕೆಂದು ಕಾಲೋನಿಯವರು ಎರಡು ದಿನ ಕಾದಿದ್ದರು.

ಈ ಜೀಪಿನ ಹುಚ್ಚಿನ ಹಿಂದೆ ಭಾವಮೈದನಿದ್ದ. ಹೆಂಡತಿಯ ತಮ್ಮನಾದ ಅವನು ಊರಿನ ದೊಡ್ಡ ಟೈರ್ ಅಂಗಡಿಯ ಮಾಲೀಕ, ಜೀಪಿನಲ್ಲಿ ಗುಡ್ಡ ಹತ್ತುವವರ ಸಂಘದ ಅಧ್ಯಕ್ಷ. ಮನೆಯಲ್ಲಿ ನಾಲ್ಕು ಜನ ಸೇರಿದರೆ ಸಾಕು, ಅವನ ಬಾಯಲ್ಲಿ ಗುಡ್ಡವೇ ಗುಡ್ಡ. ಕೇಳಿ ಕೇಳಿ ವಾಚಣ್ಣನಿಗೂ ಒಂದಾಸೆ ಹುಟ್ಟಿತ್ತು: ಒಂದೇ ಒಂದು ಸಲ, ತಾನೇ ಸ್ಟೀರಿಂಗ್ ಹಿಡಿದು, ಆ ದೊಡ್ಡ ಗುಡ್ಡದ ನೆತ್ತಿಗೆ ಹೋಗಿ ನಿಲ್ಲಬೇಕು.

ಸಂಘಕ್ಕೆ ಸೇರಲು ಜೀಪಿನಲ್ಲಿ ಎರಡು ಬ್ಯಾಟರಿ ಇರಬೇಕು, ತಲೆಯ ಮೇಲೆ ನಾಲ್ಕು ದೀಪ ಇರಬೇಕು, ವೈರ್‌ಲೆಸ್ ಸೆಟ್ಟಿರಬೇಕು. ಇವತ್ತು ಹನ್ನೆರಡು ಗಂಟೆಗೆ ಸಂಘದವರು ಬಂದು ಪರೀಕ್ಷೆ ಮಾಡುವವರಿದ್ದರು. ಪಾಸಾದರೆ ಅಲ್ಲಿಂದಲೇ ಗುಡ್ಡಕ್ಕೆ ಸವಾರಿ. ಎರಡನೆಯ ಬ್ಯಾಟರಿಯನ್ನು ವಾಚಣ್ಣ ಹಿಂದಿನ ವಾರವೇ, ಹಟ ಹಿಡಿದ ಮಗುವನ್ನು ಎತ್ತಿಕೊಂಡಂತೆ ಸೊಂಟದ ಮೇಲೆ ಹೊತ್ತು ತಂದು, ಸೀಟಿನ ಹಿಂದೆ ಮರದ ಪೆಟ್ಟಿಗೆ ಮಾಡಿಸಿ ಕೂರಿಸಿದ್ದ. ದೀಪಗಳು ಮಾತ್ರ ಬಾಕಿಯಿದ್ದವು.

ಸ್ಪ್ರಿಂಗು ಹೋದರೇನು, ಸ್ಪ್ರಿಂಗಿಗೆ ಬರವೇ ಅವನ ಹತ್ತಿರ? ಹಳೆಯ ಲೇಡೀಸ್ ವಾಚೊಂದರಿಂದ ಚಿಮಟದಲ್ಲಿ ಒಂದನ್ನು ಕಿತ್ತು, ಗುಂಡಿಯ ಕೆಳಗಿಟ್ಟು, ಮೈಕು ಜೋಡಿಸಿದ. ಗುಂಡಿ ಒತ್ತಿ "ಹಲೋ, ಹಲೋ, ಒಂದು, ಎರಡು, ಮೂರು" ಅಂದ. ಎಲ್ಲ ಸರಿಯಾಗಿದೆಯೆಂದು ಮೈಕನ್ನು ಕನ್ನಡಿಯ ಪಕ್ಕದ ಕೊಕ್ಕೆಗೆ ತೂಗುಹಾಕಿದ.

ಲೇಡೀಸ್ ವಾಚಿನ ನಾಜೂಕು ಸ್ಪ್ರಿಂಗಿಗೆ ಅಷ್ಟು ದೊಡ್ಡ ಗುಂಡಿಯನ್ನು ಮೇಲೆತ್ತುವ ತ್ರಾಣವೆಲ್ಲಿ? ಒತ್ತಿದ ಗುಂಡಿ ಒಳಗೇ ಮಲಗಿಬಿಟ್ಟಿತು. ಗುಂಡಿ ಒತ್ತಿರುವಷ್ಟು ಹೊತ್ತು ನಮ್ಮ ಮಾತು ಎಲ್ಲರಿಗೂ ಕೇಳುತ್ತದೆ, ಬೇರೆ ಯಾರ ಮಾತೂ ನಮಗೆ ಕೇಳುವುದಿಲ್ಲ. ಹೀಗೆ ಏಳೂ ಮುಕ್ಕಾಲಿಗೆ ವಾಚಣ್ಣನ ಅಂಗಳದಿಂದ ನೇರ ಪ್ರಸಾರ ಶುರುವಾಯಿತು.

ಕೇಳುಗರು ಎರಡು ಕಡೆ ಇದ್ದರು. ಭಾವಮೈದನ ಟೈರ್ ಅಂಗಡಿಯ ಮೇಜಿನ ಮೇಲೊಂದು ಸೆಟ್ಟಿತ್ತು. ಸಂಘದವರು ಬೆಳಿಗ್ಗೆಯೇ ಅಲ್ಲಿ ಸೇರಿ ಚಹಾ ಕುಡಿಯುತ್ತಿದ್ದರು. ಇನ್ನೊಂದು, ಕಾಲೋನಿಯ ಗೇಟಿನ ಸೆಕ್ಯೂರಿಟಿಯವನ ಸೊಂಟದಲ್ಲಿತ್ತು. ಅದೂ ಅದೇ ಚಾನೆಲ್ಲಿನದು.

"ಹದಿಮೂರನೇ ನಂಬರ್ ಸ್ಪ್ಯಾನರ್ ಎಲ್ಲಿ ಹಾಳಾಗೋಯ್ತೋ," ಎಂದು ವಾಚಣ್ಣ ಗೊಣಗಿದ.

ಐದು ನಿಮಿಷಕ್ಕೆ ಪಕ್ಕದ ಮನೆಯ ನಿವೃತ್ತ ಲೈನ್‌ಮನ್ ಹಾಜರಾದರು. ಕೈಯಲ್ಲಿ ಹದಿಮೂರನೇ ನಂಬರ್ ಸ್ಪ್ಯಾನರ್.

"ಅರೆ, ನಿಮಗೆ ಹೆಂಗೆ ಗೊತ್ತಾಯ್ತು?"

"ಹಂಗೇ ಅನ್ನಿಸ್ತಪ್ಪ," ಎಂದರು ಲೈನ್‌ಮನ್. ಗೇಟಿನ ಹತ್ತಿರ ಪೇಪರು ಓದುತ್ತ ನಿಂತಾಗ ಎಲ್ಲ ಕಿವಿಗೆ ಬಿದ್ದಿತ್ತು. ವಿಷಯ ತಿಳಿಸಿ ಹೋಗೋಣವೆಂದೇ ಬಂದವರು ಯಾಕೋ ಹೇಳದೆ ಉಳಿದರು. ಭಾನುವಾರ ಬೇರೆ, ಟೀವಿಯಲ್ಲೂ ಏನೂ ಇರಲಿಲ್ಲ. ಅದರ ಬದಲು ವೈರುಗಳ ಬಗ್ಗೆ ಕಾಲು ಗಂಟೆ ಉಪದೇಶ ಮಾಡಿ ಹೊರಟರು.

"ಒಂದು ಏಣಿ ಸಿಕ್ಕಿಬಿಟ್ರೆ ಲೈಟಿನ ಕೆಲಸಾನೂ ಮುಗೀತು ಕಣೇ," ಎಂದ ವಾಚಣ್ಣ ಹೆಂಡತಿಗೆ.

ಅವಳು ಉತ್ತರ ಕೊಡುವಷ್ಟರಲ್ಲಿ ಮೇಲಿನ ಮನೆಯ ಟೀಚರಮ್ಮ ಏಣಿಯ ಒಂದು ತುದಿ ಹಿಡಿದು ಬರುತ್ತಿದ್ದರು. ಇನ್ನೊಂದು ತುದಿ ಸೆಕ್ಯೂರಿಟಿಯವನ ಹೆಗಲ ಮೇಲಿತ್ತು. ಅವನು ಜೀಪಿನ ಹತ್ತಿರ ಬಂದದ್ದೇ ತಡ, ಅವನ ಸೊಂಟದ ಸೆಟ್ಟು ಕುಂಯ್ಯೋ ಎಂದು ಕಿರುಚಿತು. ಅವನು ಗಡಬಡಿಸಿ ಅದರ ಬಾಯಿ ಮುಚ್ಚಿದ.

"ಏನಪ್ಪಾ ಅದು ಸದ್ದು?"

"ಬೂಟು ಸಾರ್. ಹೊಸದು."

ಅವನು ನಿಂತ ಕಾಲಲ್ಲೇ ಗೇಟಿಗೆ ಓಡಿದ. ಅಲ್ಲಿ ಆಗಲೇ ಆರೇಳು ಕುರ್ಚಿ ಬಿದ್ದಿದ್ದವು.

ವಾಚಣ್ಣನಿಗೆ ಹೃದಯ ತುಂಬಿ ಬಂತು. "ನೋಡ್ದೇನೇ, ಜನ ಅಂದ್ರೆ ಹಿಂಗಿರ್ಬೇಕು. ಬಾಯಿ ಬಿಟ್ಟು ಕೇಳೋ ಮುಂಚೇನೇ ತಂದ್ಕೊಡ್ತಾರೆ," ಎನ್ನುತ್ತ ಏಣಿ ಹತ್ತಿ ಜೀಪಿನ ತಲೆಯ ಮೇಲೆ ಕೂತ. ನಾಲ್ಕು ದೀಪಗಳನ್ನು ಸಾಲಾಗಿ ಇಟ್ಟುಕೊಂಡು ಒಂದೊಂದಾಗಿ ಬಿಗಿಯತೊಡಗಿದ. ಕೈಗೆ ಕೆಲಸ ಹತ್ತಿದರೆ ಅವನ ನಾಲಿಗೆಯೂ ಸಡಿಲವಾಗುತ್ತಿತ್ತು.

"ಒಂದೇ ಬೇಜಾರು ಅಂದ್ರೆ ಆ ಲೈನ್‌ಮನ್ ಬಾಯಿ ನೋಡು. ಸ್ಪ್ಯಾನರ್ ಕೊಟ್ರು, ಸರಿ. ಜತೆಗೆ ಕಾಲು ಗಂಟೆ ಕೊರೀಬೇಕಾ? ಸರ್ವೀಸಲ್ಲಿ ಕಂಬ ಹತ್ತಿದ್ದು ಕಮ್ಮಿ, ಜನರ ತಲೆ ಹತ್ತಿದ್ದೇ ಜಾಸ್ತಿ ಇರ್ಬೇಕು."

"ಮೆಲ್ಲಗೆ ಮಾತಾಡ್ರೀ."

"ಯಾರಿಗೆ ಕೇಳ್ಸುತ್ತೆ ಬಿಡೇ."

ಲೈನ್‌ಮನ್ ಬಂದರು. ಯಾರ ಮುಖವನ್ನೂ ನೋಡಲಿಲ್ಲ. ಬಾನೆಟ್ಟಿನ ಮೇಲಿದ್ದ ಸ್ಪ್ಯಾನರನ್ನು ತೆಗೆದುಕೊಂಡು, ಪಂಚೆಯಲ್ಲಿ ಒರೆಸಿ, ಹೊರಟುಹೋದರು.

"ಏನಾಯ್ತಂತೆ ಅವ್ರಿಗೆ?" ಎಂದು ವಾಚಣ್ಣ ಕಣ್ಣು ಬಿಟ್ಟ. "ಹೋಗ್ಲಿ, ನಾಲ್ಕೂ ಬೋಲ್ಟು ಬಿಗಿದಾಗಿದೆ. ಟೀಚರಮ್ಮ ವಾಸಿ, ಕೊಟ್ಟ ಸಾಮಾನು ಕಿತ್ಕೊಳೋರಲ್ಲ. ಆದ್ರೆ ಸಾಯಂಕಾಲ ಆ ಪಿಟೀಲು ಒಂದು ತೆಗೀದಿದ್ರೆ ಚೆನ್ನಾಗಿತ್ತು. ಬಾಗಿಲ ಸಂದೀಲಿ ಬೆಕ್ಕಿನ ಬಾಲ ಸಿಕ್ಕಾಕ್ಕೊಂಡ ಹಂಗೆ..."

ಮಾತು ಮುಗಿಯುವ ಮುಂಚೆ ಟೀಚರಮ್ಮ ಅಂಗಳದಲ್ಲಿದ್ದರು. ಏಣಿಯನ್ನು ಸರಕ್ಕನೆ ಎಳೆದು ಹೆಗಲಿಗೇರಿಸಿದರು.

"ಟೀಚರಮ್ಮ, ಟೀಚರಮ್ಮ! ನಾನಿನ್ನೂ ಮೇಲಿದೀನಿ!"

"ಗೊತ್ತು. ಅಲ್ಲೇ ಇರಿ. ಸಾಯಂಕಾಲದ ಪಿಟೀಲು ಎತ್ತರಕ್ಕೆ ಇನ್ನೂ ಚೆನ್ನಾಗಿ ಕೇಳ್ಸುತ್ತೆ."

ವಾಚಣ್ಣ ದೀಪಗಳ ನಡುವೆ ಐದನೆಯ ದೀಪದಂತೆ ಕೂತ. ಕೆಳಗೆ ಹಾರಲು ಧೈರ್ಯವಿಲ್ಲ, ಕೂತಿರಲು ಬಿಸಿಲು ಬಿಡದು. ಹೆಂಡತಿ ಒಳಗಿನಿಂದ ಒಂದು ಕೊಡೆ ತಂದು ಮೇಲಕ್ಕೆ ಕೊಟ್ಟಳು. ತಾನು ಜೀಪಿನ ಮುಂದಿನ ಸೀಟಿನಲ್ಲಿ, ಮೈಕಿನಿಂದ ಒಂದು ಗೇಣು ದೂರದಲ್ಲಿ, ಬಟಾಣಿ ಸುಲಿಯುತ್ತ ಕೂತಳು.

"ನಿಮಗ್ಯಾಕ್ರೀ ಈ ಗುಡ್ಡದ ಉಸಾಬರಿ? ನನ್ನ ತಮ್ಮನ ಹಂಗೆ ಎದೆಗಾರಿಕೆ ಬೇಕು ಅದಕ್ಕೆ."

ಕೊಡೆಯ ಕೆಳಗಿದ್ದ ಗಂಡನಿಗೆ ಈ ಮಾತು ಚುಚ್ಚಿತು. ಒಂದು ವರ್ಷದಿಂದ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ ಗುಟ್ಟು ತಡೆಯದೆ ಹೊರಬಿತ್ತು.

"ನಿನ್ನ ತಮ್ಮನ ಎದೆಗಾರಿಕೇನಾ? ಹೋದ ವರ್ಷ ದೊಡ್ಡ ಗುಡ್ಡ ಒಬ್ನೇ ಹತ್ತಿ ಇಳಿದೆ ಅಂತ ಫೋಟೋಗೆ ಕಟ್ಟು ಹಾಕ್ಸಿ ಅಂಗಡೀಲಿ ನೇತ್ಹಾಕಿದಾನಲ್ಲ? ಗುಡ್ಡದ ಬುಡದಲ್ಲಿರೋ ಕೆಸರು ಹಳ್ಳಾನೇ ದಾಟಿಲ್ಲ ಅವ್ನು! ಟ್ರ್ಯಾಕ್ಟರ್ ಬಂದು ಎಳೀತು. ಮಾರನೇ ದಿನ ವಾಚು ತಂದ, ಒಳಗೆಲ್ಲ ಕೆಸರು. 'ಭಾವ, ದಮ್ಮಯ್ಯ ಅಂತೀನಿ, ಯಾರಿಗೂ ಹೇಳ್ಬೇಡಿ' ಅಂದ. ನಾನೂ ಇವತ್ತಿನ ತನಕ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ."

ಹೆಂಡತಿ ಬಟಾಣಿ ಬಿಟ್ಟು ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಅಯ್ಯೋ ನಮ್ಮ ಪುಟ್ಟೂ! ಚಿಕ್ಕಂದಿನಿಂದ್ಲೂ ಹಂಗೇ ರೀ. ಒಂಬತ್ತನೇ ಕ್ಲಾಸಲ್ಲಿದ್ದಾಗ್ಲೂ ಬಚ್ಚಲಲ್ಲಿ ಹಲ್ಲಿ ಇದೆ ಅಂತ ನನ್ನ ಬಾಗಿಲಲ್ಲಿ ಕಾವಲು ನಿಲ್ಲಿಸ್ತಿದ್ದ. ಆಚೆಯಿಂದ ನಾನು ಹಾಡ್ತಾ ಇರ್ಬೇಕು, ಒಳಗೆ ಅವ್ನು ಸ್ನಾನ ಮಾಡ್ಬೇಕು."

ಗೇಟಿನ ಕಡೆಯಿಂದ ಚಪ್ಪಾಳೆ, ಶಿಳ್ಳೆ ಕೇಳಿಬಂತು.

"ಕ್ರಿಕೆಟ್ ಇರ್ಬೇಕು ಇವತ್ತು," ಎಂದ ವಾಚಣ್ಣ.

ಟೈರ್ ಅಂಗಡಿಯಲ್ಲಿ ಅದೇ ಹೊತ್ತಿಗೆ ಭಾವಮೈದ ಸೆಟ್ಟು ಆರಿಸಲು ಮೂರನೆಯ ಸಲ ಕೈ ಚಾಚಿದ್ದ. ಸಂಘದವರು ಮೂರನೆಯ ಸಲವೂ ಅವನ ಕೈ ಹಿಡಿದಿದ್ದರು.

ಹನ್ನೆರಡು ಗಂಟೆಗೆ ಸರಿಯಾಗಿ ಒಂಬತ್ತು ಜೀಪುಗಳು ಬಂದು ರಸ್ತೆಯುದ್ದಕ್ಕೂ ನಿಂತವು. ಜೀಪಿನ ಮೇಲೆ ಕೊಡೆ ಹಿಡಿದು ಕೂತಿದ್ದ ವಾಚಣ್ಣನನ್ನು ಸಂಘದವರು ನಾಲ್ಕು ಕೈ ಸೇರಿಸಿ ಇಳಿಸಿಕೊಂಡರು. ಎಲ್ಲರ ಮುಖದಲ್ಲೂ ತಡೆಹಿಡಿದ ನಗು. ಭಾವಮೈದನ ಮುಖದಲ್ಲಿ ಮಾತ್ರ ಏನೂ ಇರಲಿಲ್ಲ. ಅವನು ನೇರ ಜೀಪಿನೊಳಗೆ ಬಗ್ಗಿ, ಮೈಕು ತೆಗೆದು, ಉಗುರಿನಿಂದ ಗುಂಡಿಯನ್ನು ಮೀಟಿ ಮೇಲೆತ್ತಿದ.

ಕೂಡಲೇ ಸೆಟ್ಟಿನಿಂದ ಸೆಕ್ಯೂರಿಟಿಯವನ ದನಿ ಬಂತು: "ಅಯ್ಯೋ, ನಿಂತೋಯ್ತಲ್ಲಪ್ಪ! ಹಲ್ಲಿ ಕತೆ ಆದ್ಮೇಲೆ ಇನ್ನೂ ಏನೇನಿತ್ತೋ!"

ವಾಚಣ್ಣನಿಗೆ ಸ್ಪ್ಯಾನರು, ಏಣಿ, ಬೂಟು, ಕ್ರಿಕೆಟ್ಟು ಎಲ್ಲ ಒಟ್ಟಿಗೆ ಅರ್ಥವಾದವು. ಕಾಲ ಕೆಳಗಿನ ನೆಲವೇನಾದರೂ ಬಾಯಿ ಬಿಟ್ಟರೆ ಜೀಪಿನ ಸಮೇತ ಇಳಿದುಬಿಡುತ್ತಿದ್ದ. "ಯಾವಾಗ... ಯಾವಾಗಿಂದ ಕೇಳ್ತಿತ್ತು?"

"ಒಂದು, ಎರಡು, ಮೂರು ಅಂದಾಗಿಂದ," ಎಂದ ಸಂಘದವನೊಬ್ಬ.

ಇನ್ನೇನು, ಜೀಪು ಮಾರಬೇಕು, ಮನೆ ಬದಲಿಸಬೇಕು ಎಂದುಕೊಳ್ಳುತ್ತಿರುವಾಗ ಭಾವಮೈದ ಗಂಟಲು ಸರಿಪಡಿಸಿಕೊಂಡ. ಸೆಟ್ಟನ್ನು ಮುಟ್ಟಿ ನೋಡಿದ. ಅದು ಇಸ್ತ್ರಿಪೆಟ್ಟಿಗೆಯ ಹಾಗೆ ಕಾದಿತ್ತು. ಹಿಂದಿನ ಪೆಟ್ಟಿಗೆಯ ಮುಚ್ಚಳ ತೆಗೆದು ಬ್ಯಾಟರಿ ನೋಡಿದ. ವೈರುಗಳನ್ನು ಬೆರಳಿನಿಂದ ಎಳೆದು ನೋಡಿದ. ನಾಲ್ಕೂ ದೀಪ ಹೊತ್ತಿಸಿದ. ಮಧ್ಯಾಹ್ನದ ಬಿಸಿಲಲ್ಲೂ ಎದುರಿನ ಗೋಡೆ ಬೆಳ್ಳಗಾಯಿತು.

"ಎಲ್ರೂ ಕೇಳಿ," ಎಂದ. "ನಾಲ್ಕೂಕಾಲು ಗಂಟೆ! ಒಂದು ಕ್ಷಣ ಬಿಡದೆ ಈ ಸೆಟ್ಟು ಮಾತಾಡಿದೆ. ದನಿ ಒಂಚೂರೂ ಇಳೀಲಿಲ್ಲ. ಬ್ಯಾಟರಿ ಒಂಚೂರೂ ಸೋಲಲಿಲ್ಲ. ನಮ್ಮ ಒಂಬತ್ತು ಜೀಪಲ್ಲಿ ಯಾವುದಕ್ಕಾದ್ರೂ ಆ ತಾಕತ್ತಿದೆಯಾ?"

"ಇಲ್ಲ," ಎಂದರು ಎಲ್ಲರೂ, ನಿಜವಾದ ಗೌರವದಿಂದ.

"ಭಾವ ಪಾಸು. ಫಸ್ಟ್ ಕ್ಲಾಸ್ ಪಾಸು."

ಚಪ್ಪಾಳೆ ಬಿತ್ತು. ವಾಚಣ್ಣನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಎಂಥ ದೊಡ್ಡ ಮನಸ್ಸು! ಅಷ್ಟೆಲ್ಲ ಕೇಳಿಸಿಕೊಂಡೂ ಈ ಹುಡುಗ ಹೀಗೆ ನಗುತ್ತಿದ್ದಾನಲ್ಲ. ಅವನ ಕೈ ಹಿಡಿದುಕೊಂಡ. "ಪುಟ್ಟು... ಅಲ್ಲ, ಅಧ್ಯಕ್ಷರೇ, ತಪ್ಪಾಯ್ತಪ್ಪ."

"ಬಿಡಿ ಭಾವ. ಒಂದು ಮಾತು ನಡೆಸಿಕೊಡಿ ಸಾಕು," ಎಂದು ಭಾವಮೈದ ಸಂಘದವರತ್ತ ತಿರುಗಿದ. "ನಾವು ಗುಡ್ಡ ಹತ್ತಿದ್ಮೇಲೆ ಒಬ್ರ ಮಾತು ಒಬ್ರಿಗೆ ಕೇಳಲ್ಲ, ಕೆಳಗಿನೋರ ಜತೆ ನೆಟ್ಟಗೆ ಸಂಪರ್ಕಾನೂ ಇರಲ್ಲ. ಇಂಥ ಜೀಪು ಬುಡದಲ್ಲಿ ಗಟ್ಟಿಯಾಗಿ ನಿಂತ್ರೆ ನಮಗೆ ಇನ್ನೇನು ಭಯ? ಇದನ್ನ ಕಲ್ಲು ಮುಳ್ಳಲ್ಲಿ ಹತ್ತಿಸಿ ಕುಲುಕಿಸೋದು ಪಾಪ. ಇವತ್ತಿಂದ ಇದೇ ನಮ್ಮ ವೈರ್‌ಲೆಸ್ ಕೇಂದ್ರ. ಭಾವನೇ ಅದರ ಮುಖ್ಯಸ್ಥರು!"

ಮತ್ತೆ ಚಪ್ಪಾಳೆ. ಯಾರೋ ಹೂವು ಸಿಗದೆ, ವಾಚಣ್ಣನ ಕೊರಳಿಗೆ ಉಳಿದಿದ್ದ ವೈರಿನ ಸುರುಳಿಯನ್ನೇ ಹಾಕಿದರು.

"ಅಂದ್ರೆ... ನಾನು ಮೇಲೆ ಬರೋ ಹಂಗಿಲ್ವಾ?"

"ಕೇಂದ್ರ ಎಲ್ಲಾದ್ರೂ ಓಡಾಡುತ್ತಾ ಭಾವ?" ಎಂದು ಭಾವಮೈದ ಸಕ್ಕರೆಯಂಥ ದನಿಯಲ್ಲಿ ಹೇಳಿದ. "ಅಕ್ಕ, ನೀನು ನನ್ನ ಜೀಪಲ್ಲಿ ಬಾ. ಮುಂದಿನ ಸೀಟು. ನಿನ್ನನ್ನ ಮೈಕಿರೋ ಕಡೆ ಒಬ್ಳನ್ನೇ ಬಿಡೋಕೆ ನನಗೆ ಧೈರ್ಯ ಇಲ್ಲ."

ಅಕ್ಕ ಬಟಾಣಿಯ ಬುಟ್ಟಿಯನ್ನು ಗಂಡನ ಕೈಗೆ ಕೊಟ್ಟು ಸೆರಗು ಸಿಕ್ಕಿಸಿಕೊಂಡಳು.

ಮೂರು ಗಂಟೆಯ ಹೊತ್ತಿಗೆ ಗುಡ್ಡದ ಬುಡದಲ್ಲಿ, ತಟ್ಟೆಯಷ್ಟು ಸಮತಟ್ಟಾದ ಬಯಲಿನಲ್ಲಿ, ವಾಚಣ್ಣನ ಜೀಪು ಒಂಟಿಯಾಗಿ ನಿಂತಿತ್ತು. ಒಂಬತ್ತು ಜೀಪುಗಳು ಇರುವೆ ಸಾಲಿನಂತೆ ಮೇಲೇರಿ ಕಣ್ಮರೆಯಾಗಿದ್ದವು. ವಾಚಣ್ಣ ಬಟಾಣಿ ಸುಲಿದು ಮುಗಿಸಿದ್ದ. ಗಾಳಿ ತಣ್ಣಗಿತ್ತು, ಹುಲ್ಲು ಹಸಿರಾಗಿತ್ತು, ಹಾಗೆ ನೋಡಿದರೆ ಬೇಸರವೇನೂ ಆಗಿರಲಿಲ್ಲ.

ಸೆಟ್ಟು ಕರಕರ ಎಂದಿತು. ಹೆಂಡತಿಯ ದನಿ: "ರೀ, ಕೇಳ್ತಿದೆಯಾ? ನೆತ್ತಿಗೆ ಬಂದ್ವಿ! ಏನು ಗಾಳಿ, ಏನು ಮೋಡ ಅಂತೀರಿ! ನಿಮ್ಮ ಲೈಟ್ ಹಾಕಿ, ನೋಡೋಣ."

ವಾಚಣ್ಣ ದೀಪ ಹಾಕಿದ. ಮೇಲಿನಿಂದ ಹೋ ಎಂಬ ಕೂಗು ಗಾಳಿಯಲ್ಲಿ ತೇಲಿ ಬಂತು. "ಕಾಣ್ತು ರೀ! ನಾಲ್ಕು ನಕ್ಷತ್ರ ಇದ್ದ ಹಂಗಿದೆ. ಎಷ್ಟು ಚಂದ!"

ಅವನ ಎದೆ ಉಬ್ಬಿತು. ತನ್ನ ಕೈಯಾರೆ ಬಿಗಿದ ದೀಪಗಳು ಅಷ್ಟು ದೂರಕ್ಕೆ ಕಾಣುತ್ತಿವೆ. ಆ ಹುರುಪಿನಲ್ಲೇ ಒಂದು ಯೋಚನೆ ಬಂತು. ನೆತ್ತಿ ಬೇಡ, ಮೊದಲನೆಯ ತಿರುವಿನವರೆಗಾದರೂ ಹೋಗಿ ಬಂದರೆ ಯಾರಿಗೆ ತಿಳಿಯುತ್ತದೆ? ಮೆಲ್ಲಗೆ ಗಾಡಿ ಸ್ಟಾರ್ಟ್ ಮಾಡಿದ. ಗೇರು ಹಾಕಿದ. ಜೀಪು ಗುಡ್ಡದ ಕಡೆಗೆ ಹತ್ತು ಮಾರು ಹೋಯಿತು. ಮುಂದಿನ ಎರಡು ಚಕ್ರ ಏರಿಗೆ ತಾಗಿ ಮೂತಿ ಒಂದಿಷ್ಟು ಮೇಲೆದ್ದಿತು. ನಾಲ್ಕು ತಿಂಗಳಲ್ಲಿ ಅಂಥ ಸುಖ ಅವನಿಗೆ ಸಿಕ್ಕಿರಲಿಲ್ಲ.

"ಭಾವಾ!" ಸೆಟ್ಟು ಒದರಿತು. "ನಕ್ಷತ್ರ ಅಲುಗಾಡ್ತಿದೆ! ಎಲ್ಲಿ ಹೊರಟ್ರಿ? ಹಿಂದೆ, ಹಿಂದೆ! ಇನ್ನೂ ಹಿಂದೆ! ಹಾಂ, ಅಲ್ಲೇ!"

ವಾಚಣ್ಣ ಹತ್ತು ಮಾರು ಹಿಂದೆ ಬಂದು ನಿಲ್ಲಿಸಿದ.

"ಮತ್ತೆ ಭಾವ, ನಾವು ಆ ಕಡೆಯಿಂದ ಇಳಿದು ಹಂಗೇ ಮನೆಗೆ ಹೋಗ್ತೀವಿ. ಎಲ್ರೂ ಮನೆ ಸೇರಿದೀವಿ ಅಂತ ನಾನು ಹೇಳೋ ತನಕ ಕೇಂದ್ರ ಕದಲೋ ಹಂಗಿಲ್ಲ. ಸಂಘದ ನಿಯಮ. ನನ್ನ ದನಿ ಸರಿಯಾಗಿ ಕೇಳ್ತಿದೆ ತಾನೇ?"

"ಪಕ್ಕದಲ್ಲೇ ಕೂತು ಮಾತಾಡಿದ ಹಂಗೆ ಕೇಳ್ತಿದೆಯಪ್ಪ," ಎಂದ ವಾಚಣ್ಣ. ಬುಟ್ಟಿಯಿಂದ ಒಂದು ಹಿಡಿ ಹಸಿ ಬಟಾಣಿ ಬಾಯಿಗೆ ಹಾಕಿಕೊಂಡು, ಸೀಟಿಗೆ ಒರಗಿ ಕಾಲು ಚಾಚಿದ.