ಹುಣಸೆಹಣ್ಣು ಹಚ್ಚಿ ಬೆಳಗಿದ ತಾಮ್ರದ ತಗಡು

ಗುಡಿಯ ಸಾಮಾನನ್ನು ಹೇಗೆ ನೋಡಿಕೊಳ್ಳಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮದು ನಾಲ್ಕು ತಲೆಮಾರಿನ ಪೂಜಾರಿಕೆಯ ಮನೆ. ಆದ್ದರಿಂದ ರಾಜ್ಯ ಒಂದಾದ ವರ್ಷ, ಲಕ್ಷ್ಮೇಶ್ವರದ ಹೊರಗಿನ ಪಾಳುಗುಡಿಯೊಂದರ ಉತ್ಖನನಕ್ಕೆ ಗದಗಿನ ಕಾಲೇಜಿನಿಂದ ಪ್ರೊಫೆಸರರ ಜೊತೆ ನಾವು ಆರು ಹುಡುಗರು ಹೋದಾಗ, ಉಳಿದ ಐವರ ಬಗ್ಗೆ ನನಗೆ ಕನಿಕರವಿತ್ತು.

ಹದಿನೈದು ದಿನ ಅಗೆದರೂ ಮಡಕೆಯ ಚೂರು ಬಿಟ್ಟು ಏನೂ ಸಿಗಲಿಲ್ಲ. ಕೆಲಸ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ತೀರ್ಮಾನಿಸಲು ಪುರಾತತ್ವ ಇಲಾಖೆಯ ಸಾಹೇಬರು ಬರುವವರಿದ್ದರು. ಮೊದಲಾಗಿದ್ದರೆ ಮುಂಬಯಿಯವರು ಬರುತ್ತಿದ್ದರು, ಈಗ ಬೆಂಗಳೂರಿನವರು. ಅವರು ಬರುವ ದಿನವೇ ಬೆಳಿಗ್ಗೆ, ಹುಲಕೋಟಿಯ ಗೆಳೆಯ ಬಸಪ್ಪನಿಗೆ ಅಂಗೈಯಗಲದ ತಾಮ್ರದ ತಗಡು ಸಿಕ್ಕಿತು. ಹಸಿರು ಕಿಲುಬಿನಲ್ಲಿ ಎರಡು ಸಾಲು ಅಕ್ಷರ. ಪ್ರೊಫೆಸರರು ಅದನ್ನು ಬಿಸಿಲಿಗೆ ಹಿಡಿದು ನೋಡಿದರು.

“ಗುಡಿ ಕಟ್ಟಿಸಿದವರ ಹೆಸರು ಇದರಾಗ ಇರಬೇಕು. ಇದನ್ನ ನೋಡಿದರ ಸಾಹೇಬರು ಕೆಲಸ ನಿಲ್ಲಸಂಗಿಲ್ಲ,” ಎಂದು ತಗಡನ್ನು ನನ್ನ ಕೈಗಿಟ್ಟು, ಅವರನ್ನು ಕರೆತರಲು ಗದಗ ಸ್ಟೇಷನ್ನಿಗೆ ಹೊರಟರು. ನಾನು ಜವಾಬ್ದಾರಿಯ ಮನುಷ್ಯನೆಂದು ಅವರಿಗೆ ಅನ್ನಿಸಿತ್ತು. ನನಗೂ ಅನ್ನಿಸಿತ್ತು.

ಇಂಥ ಕೊಳಕು ಸಾಮಾನನ್ನು ಸಾಹೇಬರ ಮುಂದೆ ಹಿಡಿಯುವುದು ಹೇಗೆ? ಅಡುಗೆಯ ಗಂಗಕ್ಕನ ಹತ್ತಿರ ಹುಣಸೆಹಣ್ಣು ಕೇಳಿದೆ.

“ಯಾಕೋ ತಮ್ಮಾ, ಇವತ್ತ ಸಾರು ನೀ ಮಾಡಾಂವೇನು?”

“ದೇವರ ಸಾಮಾನು ಬೆಳಗಬೇಕಬೇ ಅಕ್ಕಾ.”

“ಹಂಗಾರ ಬೂದಿನೂ ತಗೋ.”

ಬಸಪ್ಪ ಬಂದು ಇಣುಕಿದ. “ಸರ್ ಬರಲಿ, ಒಂದ ಮಾತ ಕೇಳೂಣಲೇ.”

“ನೀ ಅಗಿಯಾಂವ, ಅಗಿ ಹೋಗು. ಗುಡಿ ಸಾಮಾನಿಂದು ನಿನಗೇನ ತಿಳೀತೈತಿ?”

ಅರ್ಧ ತಾಸು ತಿಕ್ಕಿದೆ. ತಗಡು ಹೊಸ ತಂಬಿಗೆಯಂತೆ ಹೊಳೆಯಿತು. ಅಕ್ಷರ ಮಾತ್ರ ಕಾಣಲಿಲ್ಲ. ಇನ್ನೂ ಕೊಳೆ ಉಳಿದಿರಬೇಕೆಂದು ಮತ್ತೆ ಅರ್ಧ ತಾಸು ತಿಕ್ಕಿದೆ.

ಸಂಜೆ ಸಾಹೇಬರ ಎದುರು ಪ್ರೊಫೆಸರರು ತಗಡನ್ನು ಎರಡೂ ಕಡೆ ತಿರುಗಿಸಿ ನೋಡಿದರು. ಅಕ್ಷರ ಉಳಿದಿದ್ದದ್ದೇ ಆ ಕಿಲುಬಿನಲ್ಲಿ ಎಂದು ಸಾಹೇಬರಿಗೆ ಮೆಲ್ಲಗೆ ವಿವರಿಸಿದರು. ನನಗೂ ಆಗಲೇ ತಿಳಿದದ್ದು.

“ಏನ ಕಾಣತೈತಿ, ನೀನ ಓದಪಾ,” ಎಂದರು ನನಗೆ.

“ನನ್ನ ಮುಖ ಕಾಣತೈತ್ರಿ ಸರ್.”

“ಆತು. ಹೋಗಿ ದಾಖಲೆ ಪುಸ್ತಕದಾಗ ಬರಿ.”

ಮರುದಿನ ಗುಂಡಿ ಮುಚ್ಚಲು ಹುಕುಂ ಆಯಿತು. ಮಣ್ಣು ಎಳೆಯಲು ನನ್ನನ್ನೇ ಹಚ್ಚಿದರು. ದಾಖಲೆಯಲ್ಲಿ ನಾನು ಬರೆದದ್ದು ಹೀಗೆ: “ತಾಮ್ರದ ತಗಡು, ಒಂದು. ಅಕ್ಷರ: ಇದ್ದವು. ಸ್ಥಿತಿ: ಬಹಳ ಸ್ವಚ್ಛ.”

ಮುಂದೆ ಪತ್ರಿಕೆಯಲ್ಲಿ ವರದಿ ಬರೆದೇ ಹೊಟ್ಟೆ ಹೊರೆದೆ. ಮರುದಿನ ತಿದ್ದುಪಡಿ ಹಾಕಬೇಕಾಗದ ನನ್ನ ವರದಿ ಆ ದಾಖಲೆಯೊಂದೇ.