ಇಪ್ಪತ್ತೆರಡನೇ ದಿನದ ವೀಳ್ಯಶಾಸ್ತ್ರ

ನಾನು ಕಡ್ಡಿಪುಡಿ ಬಿಟ್ಟು ಇಪ್ಪತ್ತೆರಡು ದಿನವಾಗಿತ್ತು ಕಣ್ರೀ! ಇಪ್ಪತ್ತು ವರ್ಷ ಎಲೆಅಡಿಕೆಯ ಜೊತೆ ಆ ತಂಬಾಕಿನ ಪುಡಿ ಮೆದ್ದ ಬಾಯಿಗೆ, ಎಲೆಯೂ ಬೇಡ ಎಂದು ನಾನೇ ಬೀಗ ಜಡಿದಿದ್ದೆ. ತಾಂಡ್ಯದ ಫ್ಯಾಕ್ಟರಿಯಲ್ಲಿ ದಿನಾ ಊಟದ ಹೊತ್ತಿಗೆ ಇದರ ಮೇಲೆ ನನ್ನ ಉಪನ್ಯಾಸ. ಜೊತೆಯವರು ಟಿಫನ್ ಡಬ್ಬಿ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋಗುವಷ್ಟು!

ಇಪ್ಪತ್ತೊಂದನೇ ದಿನ ಎಂಟನೇ ಕ್ಲಾಸಿನ ಮಗಳು ಗಾನವಿ ಇಂಗ್ಲಿಷ್ ಹೋಂವರ್ಕ್ ಹಿಡಿದು ಬಂದಳು.

"ಅಪ್ಪಾ, ಬ್ಯಾಕ್‌ಸ್ಲೈಡ್ ಅಂದ್ರೇನು? ಜಾರುಬಂಡೇಲಿ ಹಿಂದಕ್ಕೆ ಜಾರೋದಾ?"

"ಅಲ್ಲ ಕಣಮ್ಮ. ಒಳ್ಳೇ ದಾರಿಗೆ ಬಂದೋನು ಮತ್ತೆ ಹಳೇ ಚಟಕ್ಕೇ ಜಾರಿಬೀಳೋದು. ಅದಕ್ಕೆ ಬಂಡೆ ಬೇಕಾಗಿಲ್ಲ, ಮನಸ್ಸು ಸಡಿಲಾದ್ರೆ ಸಾಕು. ವಾಕ್ಯ ಬರ್ಕೋ: ನಮ್ಮಪ್ಪ ಯಾವತ್ತೂ ಬ್ಯಾಕ್‌ಸ್ಲೈಡ್ ಆಗಲ್ಲ!"

"ಪೆನ್ಸಿಲ್‌ನಲ್ಲಿ ಬರ್ಕೋ ಮಗಳೇ" ಎಂದಳು ಅಡುಗೆಮನೆಯಿಂದ ನನ್ನ ಹೆಂಡತಿ ಹೇಮಲತಾ.

ಮರುದಿನ ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೊರಟೆವು. ಹೇಮಲತಾಳ ತಮ್ಮ ಶಿವುಗೆ ಹೆಣ್ಣು ಗೊತ್ತಾಗಿ, ವೀಳ್ಯಶಾಸ್ತ್ರ. ಹುಡುಗನಿಗೆ ಮೂವತ್ತಾರು ವರ್ಷ. ಹದಿನಾಲ್ಕು ಹೆಣ್ಣು ನೋಡಿದ್ದ; ಒಪ್ಪಿದವಳು ಇವಳೊಬ್ಬಳೇ. ಅವನಿಗೆ ತಂದೆ ಇಲ್ಲದ್ದರಿಂದ ಗಂಡಿನ ಕಡೆಯ ಹಿರಿತನ ನನ್ನದು.

"ರೀ, ಅಲ್ಲಿ ನಿಮ್ ಭಾಷಣ ಬ್ಯಾಡ. ಇದೂ ತಪ್ಪೋದ್ರೆ ನನ್ ತಮ್ಮ ಹಿಂಗೇ ಉಳ್ಕತಾನೆ" ಎಂದಳು ಹೇಮಲತಾ ಬಸ್ಸಿನಲ್ಲಿ. ಅವಳ ಕಣ್ಣಲ್ಲಿ ನೀರಿತ್ತು. ನನಗೂ ಅಯ್ಯೋ ಅನ್ನಿಸಿತು.

ಹೆಣ್ಣಿನ ದೊಡ್ಡಪ್ಪ ಗುರುಮಲ್ಲಪ್ಪನವರು ಎಲ್ಲರ ಮುಂದೆ ಎಲೆಅಡಿಕೆ ತಟ್ಟೆ ತಂದು ನನ್ನೆದುರು ಇಟ್ಟರು.

"ತಕಳಿ ಯಜಮಾನ್ರೇ. ಒಪ್ಪಿಗೆ ಅಂತ ಎಲೆ ಹಾಕ್ಕಳಿ."

ನಾನು ಎರಡೂ ಕೈ ಜೋಡಿಸಿ ಘೋಷಿಸಿದೆ: "ಕ್ಷಮಿಸಿ. ಇದನ್ನ ನಾನು ಮುಟ್ಟೋದಿಲ್ಲ. ಏನೇ ಆದ್ರೂ ಮುಟ್ಟೋದಿಲ್ಲ!"

ಹಜಾರದವರೆಲ್ಲ ನನ್ನತ್ತ ತಿರುಗಿದರು. ಗಂಡಿನ ಕಡೆಯವರು ತಟ್ಟೆ ಮುಟ್ಟಲಿಲ್ಲ ಅಂದರೆ ಹೆಣ್ಣು ಬೇಡ ಅಂತಲೇ ಅರ್ಥ. ಇಷ್ಟು ವಯಸ್ಸಾದ ನನಗೆ ಅದು ಹೊಳೆಯಬಾರದೆ! ಗುರುಮಲ್ಲಪ್ಪನವರ ಮೀಸೆ ಅದುರಿತು.

"ಮನೆ ತುಂಬ ನೆಂಟ್ರನ್ನ ಕೂರಿಸ್ಕಂಡು ಎಲೆ ಬ್ಯಾಡ ಅಂತೀರಾ? ಏನ್ ಕಮ್ಮಿ ಸಾ ನಮ್ ಮಗೀಗೆ? ಯಾರಪ್ಪಾ ಅಲ್ಲಿ, ತಟ್ಟೆ ಎತ್ತಿ! ಒಲೆ ಆರ್ಸಿ!"

"ಭಾವ, ಕಾಲಿಗೆ ಬೀಳ್ತೀನಿ, ಹಾಕ್ಕಳಿ ಭಾವ!" ಎಂದ ಶಿವು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಹೇಮಲತಾ ನನ್ನ ತೋಳು ಚಿವುಟಿದ್ದು ಮೂಳೆಗೆ ಮುಟ್ಟಿತು.

ಇನ್ನೇನು ಮಾಡಲಿ? "ತಾಳಿ, ತಾಳಿ!" ಎಂದು ಎದ್ದು, ಒಳಗೆ ಹೋಗುತ್ತಿದ್ದ ತಟ್ಟೆಯನ್ನು ಹಿಡಿದು ನಿಲ್ಲಿಸಿದೆ. ಎಲೆ ತೆಗೆದೆ, ಸುಣ್ಣ ಬಳಿದೆ, ಅಡಿಕೆ ಇಟ್ಟೆ, ಸೇರಿಸಬೇಕಾದದ್ದನ್ನು ಸೇರಿಸಿದೆ, ಮಡಿಚಿ ಬಾಯಿಗೆ ತುರುಕಿದೆ. ಆಹಾ! ತಲೆಯೆಲ್ಲ ಜುಮ್ಮೆಂದಿತು.

ಗಾನವಿ ನನ್ನ ಪಕ್ಕಕ್ಕೆ ಸರಿದು ಪಿಸುಗುಟ್ಟಿದಳು: "ಅಪ್ಪಾ, ಬ್ಯಾಕ್‌ಸ್ಲೈಡ್ ಅಂದ್ರೆ ಇದೇನಾ?"

"ಛೆ, ಛೆ! ತನ್ನ ಆಸೆಗೆ ಜಾರಿದ್ರೆ ಬ್ಯಾಕ್‌ಸ್ಲೈಡ್. ನಿನ್ ಮಾವನ ಮದ್ವೆಗೋಸ್ಕರ ಜಾರಿದ್ರೆ ಅದು ತ್ಯಾಗ!"

ಹದಿನೈದು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ಹೇಮಲತಾ ನನ್ನನ್ನು ಗೌರವದಿಂದ ನೋಡಿದಳು. ಗುರುಮಲ್ಲಪ್ಪನವರು ನಕ್ಕು ನನ್ನ ಬೆನ್ನು ತಟ್ಟಿದರು. ಸಂಬಂಧ ಗಟ್ಟಿಯಾಯಿತು. ಶಿವು ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಹುಡುಗಿ ಆಶಾರಾಣಿ ಕಾಫಿ ತಂದಳು. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಅವಳಿಗೆ ಕೆಲಸ. ಲೋಟ ಕೊಡಲು ಬಗ್ಗಿದವಳು ಹಾಗೇ ನಿಂತಳು.

"ಅಣ್ಣ, ಕಡ್ಡಿಪುಡಿ ವಾಸ್ನೆ ಬತ್ತಾದೆ."

"ಹೂಂ ಕಣಮ್ಮ. ನಿಮ್ಮಿಬ್ಬರ ಮದ್ವೆಗೋಸ್ಕರ ಇಪ್ಪತ್ತೆರಡು ದಿನದ ವ್ರತ ಮುರಿದೆ" ಎಂದೆ.

"ಆ ತಟ್ಟೆ ಜೋಡಿಸಿದೋಳು ನಾನೇ ಅಣ್ಣ. ಎಲೆ, ಅಡಿಕೆ, ಸುಣ್ಣ, ಅಷ್ಟೇ ಇಟ್ಟಿದ್ದು. ಕಡ್ಡಿಪುಡಿ ಎಲ್ಲಿಂದ ಬಂತು?"

ನನ್ನ ಕೈ ನನ್ನನ್ನೊಂದು ಮಾತೂ ಕೇಳದೆ ಹೋಗಿ ಅಂಗಿಯ ಜೇಬು ಮುಚ್ಚಿಕೊಂಡಿತು.