ಕೆಮ್ಮು ಕೇಳಲು ತರಿಸಿದ ಯಂತ್ರ

ಈಗ ಹೇಳಹೊರಟಿರುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು ಎಂಬುದು ನನಗೇ ಸರಿಯಾಗಿ ಗೊತ್ತಿಲ್ಲ. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿ, ಶಿವಮೊಗ್ಗದ ಕಾಲೇಜೊಂದರಲ್ಲಿ ಅದನ್ನೇ ಪಾಠ ಮಾಡುವ ನನಗೆ ಇದನ್ನು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ. ಅನುಮಾನಪಡುವುದೇ ನನ್ನ ಕಸುಬು. ಬೆಳಿಗ್ಗೆ ಮನೆಗೆ ಬೀಗ ಹಾಕಿ ಹೊರಟವನು ಸರ್ಕಲ್ಲಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ವಾಪಸ್ಸು ಬರುತ್ತೇನೆ. ಎಳೆದು ನೋಡಿ ಮತ್ತೆ ಸರ್ಕಲ್ಲಿಗೆ ಹೋದ ಮೇಲೆ, ಎಳೆದು ನೋಡಿದ್ದು ಇವತ್ತೋ ನಿನ್ನೆಯೋ ಎಂಬ ಪ್ರಶ್ನೆ ಹುಟ್ಟುತ್ತದೆ. ನನ್ನ ಹೆಂಡತಿ ಗೀತಾ ಇದಕ್ಕೆ ‘ಎಂ.ಎ. ಕಾಯಿಲೆ’ ಎಂದು ಹೆಸರಿಟ್ಟಿದ್ದಾಳೆ.

ಇಂಥ ನಾನೂ ಅನುಮಾನವಿಲ್ಲದೆ ನಂಬಿಕೊಂಡು ಬಂದ ನೆನಪೊಂದಿತ್ತು. ನನಗೆ ಆರು ವರ್ಷವಿದ್ದಾಗ ಅಮ್ಮ ಭದ್ರಾವತಿಯ ರೇಡಿಯೋ ನಿಲಯದಲ್ಲಿ ಒಂದು ದೇವರನಾಮ ಹಾಡಿದಳು. ಜೊತೆಗೆ ಹೋಗಿದ್ದವನು ನಾನು. ಹಸಿರು ಜಮಖಾನ, ಗೋಡೆಯ ಮೇಲೆ ಹತ್ತಿಕೊಂಡ ಕೆಂಪು ದೀಪ, ತುಟಿಯ ಮೇಲೆ ಬೆರಳಿಟ್ಟು ನನ್ನತ್ತ ಕಣ್ಣು ಬಿಟ್ಟ ಕನ್ನಡಕದ ಅಧಿಕಾರಿ, ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗಿದೆ. ಎರಡನೆಯ ಚರಣದಲ್ಲಿ ನಾನು ಕೆಮ್ಮಿದೆ. ಆ ಕೆಮ್ಮು ಅಮ್ಮನ ಹಾಡಿನ ಜೊತೆಗೆ ಊರೂರಿಗೂ ಪ್ರಸಾರವಾಯಿತು. ನಿಲಯದವರೇ ಅಪ್ಪನಿಗೆ ಕ್ಯಾಸೆಟ್ಟಿಗೆ ಹಾಕಿಕೊಟ್ಟ ಹಾಡು ನಮ್ಮಲ್ಲಿದೆ. ಅದರಲ್ಲಿ ಕೆಮ್ಮೂ ಇದೆ. ಇಷ್ಟು ಗಟ್ಟಿ ಪುರಾವೆಯುಳ್ಳ ಬಾಲ್ಯ ಎಷ್ಟು ಜನಕ್ಕಿರುತ್ತದೆ?

ಭದ್ರಾವತಿಯ ಓಲ್ಡ್ ಟೌನಿನಲ್ಲಿರುವ ನನ್ನ ಅಕ್ಕ ನಾಗರತ್ನ ಈ ಚರಿತ್ರೆಯನ್ನು ಒಪ್ಪುವುದಿಲ್ಲ. ಅವಳ ಪ್ರಕಾರ ಹೋಗಿದ್ದವಳು ಅವಳು, ಕೆಮ್ಮಿದವಳೂ ಅವಳೇ. ನನಗೆ ಆ ದಿನ ಹೊಟ್ಟೆ ಕೆಟ್ಟು ಪಕ್ಕದ ಮನೆಯವರ ಸುಪರ್ದಿಗೆ ಬಿಟ್ಟಿದ್ದರಂತೆ. ಹಸಿರು ಜಮಖಾನದ ವಿಷಯ ತೆಗೆದರೆ, ಅದನ್ನು ತಾನೇ ನನಗೆ ಹೇಳಿದ್ದು ಎನ್ನುತ್ತಾಳೆ. ಅಮ್ಮ ಇದ್ದಾಗ ಕೇಳಿದರೆ, ಯಾರೋ ಒಬ್ಬರು ಬಂದಿದ್ದ ನೆನಪು ಎಂದು ನಕ್ಕು ತರಕಾರಿ ಹೆಚ್ಚಲು ಕೂರುತ್ತಿದ್ದಳು. ಈಗ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ.

ನಗಬೇಡಿ. ಅಮ್ಮ ಕೊನೆಯ ನಾಲ್ಕು ವರ್ಷ ಇದ್ದದ್ದು ಅಕ್ಕನ ಮನೆಯಲ್ಲಿ. ಅವಳ ಮಾತ್ರೆಯ ಹೊತ್ತು, ಬೈಗುಳ, ಕೊನೆಯ ದಿನದ ಗಂಜಿ ಎಲ್ಲ ಅಕ್ಕನ ಪಾಲಿನವು. ನಾನು ಭಾನುವಾರ ಕಿತ್ತಳೆಹಣ್ಣು ಹಿಡಿದುಕೊಂಡು ಹೋಗಿ ಸಂಜೆಯ ಬಸ್ಸಿಗೆ ವಾಪಸ್ಸಾಗುತ್ತಿದ್ದವನು. ಅಮ್ಮನಲ್ಲಿ ನನ್ನದೇ ಎನ್ನುವಂಥದ್ದು ಈ ಕೆಮ್ಮೊಂದೇ. ಅದನ್ನೂ ಅಕ್ಕನಿಗೆ ಬಿಟ್ಟುಕೊಡುವುದು ಹೇಗೆ?

ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿದ್ದಿರಬೇಕು. ದುರ್ಗಿಗುಡಿಯ ಇಂಟರ್ನೆಟ್ ಸೆಂಟರಿನಲ್ಲಿ ಏನನ್ನೋ ಹುಡುಕುತ್ತ ಕೂತವನಿಗೆ ಹೆಡ್‌ಫೋನ್ ಆಂಪ್ಲಿಫೈಯರ್ ಎಂಬುದರ ವರ್ಣನೆ ಕಣ್ಣಿಗೆ ಬಿತ್ತು. ಮೇಜಿನ ಮೇಲಿಡುವ ಯಂತ್ರ. ಟೇಪ್ ರೆಕಾರ್ಡರಿಗೂ ಹೆಡ್‌ಫೋನಿಗೂ ನಡುವೆ ಇದನ್ನು ಸಿಕ್ಕಿಸಿದರೆ ಕೇಳದ್ದೆಲ್ಲ ಕೇಳುತ್ತದಂತೆ. ಪಿಟೀಲಿನವನ ಕುರ್ಚಿ ಕಿರುಗುಟ್ಟಿದ್ದು, ಹಾಡುವವಳು ಉಸಿರೆಳೆದದ್ದು, ಪಕ್ಕದವನು ಪುಟ ತಿರುಗಿಸಿದ್ದು ಸ್ಪಷ್ಟವಾಗಿ ತಿಳಿಯಿತೆಂದು ಯಾರೋ ವಿದೇಶದವನು ಬರೆದಿದ್ದ. ಬೇರೆಯವರು ಹೀಗೆ ಬರೆದಿದ್ದರೆ ನಾನು ನೂರು ಪ್ರಶ್ನೆ ಕೇಳುತ್ತಿದ್ದೆ. ತಾಯಿತ ಕಟ್ಟಿಸಿಕೊಂಡವರನ್ನು ಕ್ಲಾಸಿನಲ್ಲಿ ಎಬ್ಬಿಸಿ ನಿಲ್ಲಿಸಿ ಪುರಾವೆ ಕೇಳಿದವನು ನಾನು. ಆದರೆ ಆ ಹೊತ್ತಿನಲ್ಲಿ ನನಗೆ ಹೊಳೆದದ್ದು ಒಂದೇ: ಕುರ್ಚಿ ಯಾರದೆಂದು ತಿಳಿಯುವುದಾದರೆ ಕೆಮ್ಮು ಯಾರದೆಂದು ತಿಳಿಯದೆ ಇದ್ದೀತೆ?

ಬೆಲೆ ಹೇಳುವುದಿಲ್ಲ. ಗೀತಾ ಈ ಬರಹ ಓದುತ್ತಾಳೆ. ಬ್ಯಾಂಕಿನಲ್ಲಿ ವಿದೇಶಿ ಡ್ರಾಫ್ಟ್ ಮಾಡಿಸಿ, ಅದನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಎರಡೂವರೆ ತಿಂಗಳು ಅಂಚೆಯವನ ಸೈಕಲ್ಲಿನ ಬೆಲ್ಲಿಗೆ ಕಿವಿಗೊಟ್ಟು ಕೂತೆ. ಬಂದದ್ದು ಡಬ್ಬಿಯಲ್ಲ, ಸುಂಕದವರ ಪತ್ರ. ಈ ವಸ್ತುವಿನ ಉಪಯೋಗವೇನೆಂದು ವಿವರಿಸಬೇಕಿತ್ತು. ನಾನು ಮೂರು ಪುಟ ಬರೆದೆ. ಅದರಲ್ಲಿ ಕೆಮ್ಮಿನ ಪ್ರಸ್ತಾಪವಿತ್ತೆಂದು ಗೀತಾ ಹೇಳುತ್ತಾಳೆ. ಇರಲಿಲ್ಲವೆಂದು ನನ್ನ ನೆನಪು. ಅಂತೂ ಸುಂಕ ಕಟ್ಟಿ ಅಂಚೆ ಕಚೇರಿಯಲ್ಲಿ ಡಬ್ಬಿ ಬಿಚ್ಚಿದಾಗ ಅಲ್ಲಿನ ಗುಮಾಸ್ತರು ಬಗ್ಗಿ ನೋಡಿದರು. ಇದು ಹಾಡುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ರೇಡಿಯೋ ಬರುತ್ತದೆಯೇ? ಇಲ್ಲ. ಕಿವಿಗೆ ಹಾಕಿಕೊಳ್ಳುವುದಾದರೂ ಒಳಗಿದೆಯೇ? ಅದನ್ನು ಬೇರೆ ಕೊಳ್ಳಬೇಕು ಎಂದೆ. ಅವರು ಸಹಿ ಮಾಡಲು ಪುಸ್ತಕ ಮುಂದೆ ತಳ್ಳಿದರು.

ಮನೆಯಲ್ಲಿ ಗೀತಾ ಅದನ್ನು ಎರಡೂ ಕೈಯಲ್ಲಿ ಎತ್ತಿ, ಇಳಿಸಿ, ಪೂರ್ತಿ ವಿವರಣೆ ಕೇಳಿಸಿಕೊಂಡಳು.

“ಅಂದ್ರೆ ತಾನಾಗಿ ಏನೂ ಮಾಡಲ್ಲ. ಬೇರೆಯವ್ರು ಮಾಡಿದ್ದನ್ನ ದೊಡ್ಡದು ಮಾಡುತ್ತೆ.”

“ಒಂಥರಾ ಹಾಗೇ,” ಎಂದೆ.

“ಮನೇಲಿ ಆಗ್ಲೇ ಒಂದಿತ್ತಲ್ರೀ,” ಎಂದು ಒಳಗೆ ಹೋದಳು.

ಅಮ್ಮನ ಕ್ಯಾಸೆಟ್ಟನ್ನು ಅಕ್ಕ ಬಿಸ್ಕತ್ತಿನ ಡಬ್ಬದಲ್ಲಿಟ್ಟು, ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಹಾಗಾಗಿ ಯಂತ್ರವೇ ಭದ್ರಾವತಿಗೆ ಹೋಗಬೇಕಾಯಿತು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಕಂಡಕ್ಟರ್ ಅದನ್ನು ಇನ್ವರ್ಟರ್ ಎಂದು ತೀರ್ಮಾನಿಸಿ ಲಗೇಜಿಗೂ ಟಿಕೆಟ್ಟು ಹರಿದ. ಇಳಿಯುವಾಗ ನನ್ನ ಕಾಲು ಜೋಮು ಹಿಡಿದಿತ್ತು.

ಅಕ್ಕ ಬಾಗಿಲಲ್ಲೇ ನಿಂತು, “ಬಂತಾ ನಿನ್ನ ಸತ್ಯ ಹೇಳೋ ಪೆಟ್ಟಿಗೆ? ಸೋತ್ರೆ ಅಳಬಾರ್ದು ನೋಡು ರಘು,” ಎಂದಳು.

ಅವಳ ಹಳೆಯ ಟೇಪ್ ರೆಕಾರ್ಡರಿಗೆ ವೈರು ಸಿಕ್ಕಿಸಿದೆ. ಹೆಡ್‌ಫೋನ್ ಒಂದೇ ಇತ್ತು. ಮೊದಲು ಕೇಳುವ ಹಕ್ಕು ದೊಡ್ಡವಳದ್ದೆಂದು ಅವಳೇ ಹಾಕಿಕೊಂಡಳು. ಮಧ್ಯಾಹ್ನದ ಊಟವಾಗಿತ್ತು. ಎಲೆಯಡಿಕೆ ಬಾಯಲ್ಲಿತ್ತು. ಹಾಡು ಶುರುವಾದಾಗ ತಲೆ ತೂಗಿದಳು. ನನಗೆ ಏನೂ ಕೇಳದು. ಅವಳ ಮುಖ ನೋಡುವುದೊಂದೇ ಕೆಲಸ. ಎರಡನೆಯ ಚರಣದ ಹೊತ್ತಿಗೆ ಬೆರಳೆತ್ತಿ, ಬಂತು ಎಂದು ಸನ್ನೆ ಮಾಡಿದಳು. ಆಮೇಲೆ ಅವಳ ದವಡೆ ನಿಂತಿತು. ಎತ್ತಿದ ಬೆರಳು ಎತ್ತಿದ ಹಾಗೆಯೇ ಉಳಿಯಿತು. ಹಾಡು ಮುಗಿಯುವವರೆಗೂ ಅವಳು ಅಲುಗಲಿಲ್ಲ. ಕೊನೆಗೆ ಹೆಡ್‌ಫೋನ್ ತೆಗೆದು, ನನ್ನ ಮುಖ ನೋಡದೆ, “ಕೇಳು,” ಎಂದಳು.

ಕೇಳಿದೆ. ಅಮ್ಮ ಹಾಡುತ್ತಿದ್ದಳು. ಕೆಮ್ಮು ಬಂತು. ಅದಾದ ಎರಡು ಉಸಿರಿಗೆ, ಹಾಡುತ್ತಿದ್ದ ಅಮ್ಮನ ಪಕ್ಕದಲ್ಲೇ ಇನ್ನೊಬ್ಬ ಅಮ್ಮ ಪಿಸುದನಿಯಲ್ಲಿ ಗದರಿದಳು: “ರಘೂ, ಟವಲ್ ಬಾಯಿಗಿಟ್ಕೋ. ನಾನ್ ಹಾಡಿದ್ದು ನಂಗೇ ಕೇಳ್ಬಾರ್ದಾ?” ಅದರ ಹಿಂದೆಯೇ ಒಂದು ಹುಡುಗಿಯ ದನಿ: “ಇವ್ನು ಬೇಕೂಂತ ಕೆಮ್ತಾನಮ್ಮಾ.”

ಅಂದರೆ, ಹಾಡನ್ನು ಮೊದಲೇ ಧ್ವನಿಮುದ್ರಣ ಮಾಡಿಕೊಂಡು ಆಮೇಲೆ ಪ್ರಸಾರ ಮಾಡಿದ್ದರು. ಅದು ಬರುವ ಹೊತ್ತಿಗೆ ಅಮ್ಮ ಮನೆಯಲ್ಲಿದ್ದಳು, ನಾನಿದ್ದೆ, ಅಕ್ಕನೂ ಇದ್ದಳು. ಅಪ್ಪ ರೇಡಿಯೋದ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಗುಂಡಿ ಒತ್ತಿದ್ದ, ಅಷ್ಟೇ. ನಿಲಯದವರು ಕೊಟ್ಟ ಕ್ಯಾಸೆಟ್ಟೂ ಅಲ್ಲ, ಊರೂರಿಗೆ ಹೋದ ಕೆಮ್ಮೂ ಅಲ್ಲ. ಕೆಮ್ಮಿದವನು ನಾನೇ ಎಂದು ಅಮ್ಮನೇ ಸಾಕ್ಷಿ ಹೇಳಿದ್ದಳು. ಆದರೆ ಯಾರು ಅವಳ ಜೊತೆ ಹೋಗಿದ್ದರೆಂದು ತೋರಿಸಲು ಆ ಕೆಮ್ಮು ಇನ್ನು ಯಾವ ಕೆಲಸಕ್ಕೂ ಬರುತ್ತಿರಲಿಲ್ಲ.

ಅದನ್ನು ಅಕ್ಕನಿಗೆ ತರ್ಕಬದ್ಧವಾಗಿ ಹೇಳಲು ಬಾಯಿ ತೆರೆದೆ. ಅವಳು ಕೇಳಿಸಿಕೊಳ್ಳಲಿಲ್ಲ.

“ಅಮ್ಮ ಮಾತಾಡ್ತಾಳಲ್ಲೋ,” ಎಂದಳು.

ಹೌದು. ಅಮ್ಮ ಹಾಡುವ ದನಿ ಇಷ್ಟು ವರ್ಷವೂ ನಮ್ಮಲ್ಲಿತ್ತು. ಗದರುವ ದನಿ ಎಲ್ಲೂ ಇರಲಿಲ್ಲ. ದಿನವೂ ಕೇಳಿದ್ದು ಅದನ್ನೇ ಆದರೂ ಅದು ಹೇಗಿತ್ತೆಂದು ನಾನಂತೂ ಮರೆತಿದ್ದೆ. ಆ ಮಧ್ಯಾಹ್ನ ಇಬ್ಬರೂ ಸರದಿಯ ಮೇಲೆ ಎಷ್ಟು ಸಲ ಬೈಸಿಕೊಂಡೆವೋ ಲೆಕ್ಕವಿಲ್ಲ. ಟೇಪು ಹರಿದುಹೋದೀತೆಂದು ಭಾವ ಬಂದು ಗುಂಡಿ ಒತ್ತಿ ನಿಲ್ಲಿಸಬೇಕಾಯಿತು. ನಿಲಯಕ್ಕೆ ಹೋದವರು ಯಾರು ಎಂಬುದನ್ನು ಅಕ್ಕ ನನಗೆ ಬಿಟ್ಟುಕೊಟ್ಟಳು. ನಾನು ಬೇಡವೆಂದೆ. ಅದಕ್ಕೂ ಒಂದು ಸಣ್ಣ ಜಗಳವಾಯಿತು.

ಯಂತ್ರ ಈಗ ಶಿವಮೊಗ್ಗದಲ್ಲಿ ನನ್ನ ಮೇಜಿನ ಮೇಲಿದೆ. ಬಂದವರಿಗೆಲ್ಲ ನಾನು ಅದರ ಮಹಿಮೆ ಹೇಳಿದೆ. ತೀರಿಹೋದ ತಾಯಿಯ ಮಾತನ್ನು ಮೂವತ್ತು ವರ್ಷದ ಟೇಪಿನ ಅಡಿಯಿಂದ ಎತ್ತಿ ತಂದ ಯಂತ್ರ ಎಂದೆ. ಹೇಳುತ್ತ ಹೇಳುತ್ತ ಒಂದು ದಿನ ನನ್ನ ಮಾತು ಆ ತಾಯಿತದವರ ಮಾತಿನಂತೆ ನನಗೇ ಕೇಳಿಸಿತು. ಮರುದಿನವೇ ಬರಿಗೈಯಲ್ಲಿ ಓಲ್ಡ್ ಟೌನಿಗೆ ಹೋದೆ. ಯಂತ್ರವಿಲ್ಲ, ಹೆಡ್‌ಫೋನೂ ಇಲ್ಲ. ಅಕ್ಕ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದಳು. ನಾನು ಅವಳ ಹಳೆಯ ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ಸುಮ್ಮನೆ ಕೂತೆ. ಹಾಡು ಬಂತು, ಕೆಮ್ಮು ಬಂತು, ಅದರ ಹಿಂದೆ ಅಮ್ಮ ಬಂದಳು.

“ಕೇಳ್ತು ಕಣೋ,” ಎಂದಳು ಅಕ್ಕ, ಒಲೆಯ ಮುಂದಿನಿಂದಲೇ.

ಇಷ್ಟು ವರ್ಷ ಕೆಮ್ಮು ಬಂದ ತಕ್ಷಣ ನಾವಿಬ್ಬರೂ “ಅದು ನಂದು” ಎಂದು ಕೂಗುತ್ತಿದ್ದೆವು. ಆ ಗಲಾಟೆಯಲ್ಲಿ ಮುಂದಿನದನ್ನು ಕೇಳಿದವರಿಲ್ಲ. ಈ ಬರಹದಲ್ಲಿ ಉಳಿದದ್ದೆಲ್ಲ ಹೇಗೋ ಏನೋ. ಇದೊಂದನ್ನು ಮಾತ್ರ ಮೂರು ಸಲ ಪರೀಕ್ಷಿಸಿ ಖಾತ್ರಿ ಮಾಡಿಕೊಂಡಿದ್ದೇನೆ: ಬಾಯಿ ಮುಚ್ಚಿಕೊಂಡು ಕೂತರೆ, ಅಮ್ಮನ ಮಾತು ಆ ಹಳೆಯ ಸ್ಪೀಕರಿನಲ್ಲೂ ‘ಟವಲ್’ ಸಮೇತ ಸ್ಪಷ್ಟವಾಗಿ ಕೇಳುತ್ತದೆ.